ಉಡಿಗೆ ಬಿದ್ದ ಗಾಡಿಯ ದಿಮಾಗು

ವೆಲ್ಡಿಂಗ್ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವುದು ಕಣ್ಣಿನ ವಿಚಾರ. ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಕಪ್ಪು ಗಾಜು ಹಿಡಿಯದೆ ಕಿಡಿ ನೋಡಿದವನು ಮನೆಗೆ ಹೋಗಿ ಕಣ್ಣಿನ ಮೇಲೆ ಸೌತೆಕಾಯಿ ಇಟ್ಟುಕೊಂಡು ಅತ್ತು ತಾನೇ ಕಲಿಯುತ್ತಾನೆ. ನಾನು ಹೇಳಬೇಕೆಂದಿರುವುದು ಒಂದು ಮದುವೆಯ ವಿಚಾರ. ಈಗಿನ ಕಾರಿಗೆ ವೆಲ್ಡಿಂಗ್ ಮಾಡುವ ಮೊದಲು ಅದರ ಕಂಪ್ಯೂಟರ್ ಡಬ್ಬಿಯನ್ನು ಬಿಚ್ಚಿ ತೆಗೆಯುವುದು ಹೇಗೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಬಿಚ್ಚಿದ ಮೇಲೆ ಯಾರ ಕೈಗೆ ಕೊಡಬಾರದು ಎಂದು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದೇನೆ, ಪುರಸೊತ್ತು ಬೇಕಾದಷ್ಟಿದೆ.

ನನ್ನ ಹೆಸರು ಚಾಂದಪಾಶಾ. ಹುಟ್ಟಿದ್ದು ಶಹಾಬಾದಿನಲ್ಲಿ, ಕೆಲಸ ಕಲಿತದ್ದು ವಾಡಿಯಲ್ಲಿ, ಅಂಗಡಿ ಇಟ್ಟದ್ದು ಸೇಡಂನಿಂದ ಚಿಂಚೋಳಿಗೆ ಹೋಗುವ ರಸ್ತೆಯ ಮೇಲೆ. ದೊಡ್ಡವರು ಪಾಶಾ ಅನ್ನುತ್ತಾರೆ, ಚಿಕ್ಕವರು ಪಾಶಾ ಮಾಮಾ ಅನ್ನುತ್ತಾರೆ. ಬಿಲ್ಲು ಕೊಡಲು ಮನಸ್ಸಿಲ್ಲದವರು ಇಂಜಿನಿಯರ್ ಸಾಹೇಬ್ರೇ ಅನ್ನುತ್ತಾರೆ.

ವಾಡಿಯಲ್ಲಿ ನನ್ನ ಉಸ್ತಾದರು ಇಸ್ಮಾಯಿಲ್ ಸಾಬರು. ಕೈ ಬಂಗಾರದ್ದು, ಬಾಯಿ ಮಾತ್ರ ಕೆಟ್ಟದ್ದು. ಅವರ ಬಳಿ ಬರುತ್ತಿದ್ದದ್ದೆಲ್ಲ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೇರುವ ಲಾರಿಗಳು ಮತ್ತು ಟ್ರ್ಯಾಕ್ಟರ್ ಟ್ರಾಲಿಗಳು. ವೆಲ್ಡಿಂಗ್ ಮಶೀನಿನಿಂದ ಎರಡು ದಪ್ಪ ವೈರುಗಳು ಹೊರಡುತ್ತವೆ. ಒಂದರ ತುದಿಯಲ್ಲಿ ರಾಡು ಹಿಡಿಯುವ ಹಿಡಿಕೆ ಇರುತ್ತದೆ, ಇನ್ನೊಂದರ ತುದಿಯಲ್ಲಿ ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಿಮುಟ. ಆ ಚಿಮುಟಕ್ಕೆ ನಾವು 'ಅರ್ಥ್' ಅನ್ನುತ್ತೇವೆ. ರಾಡಿನಿಂದ ಹೋದ ಕರೆಂಟು ಅರ್ಥಿನಿಂದಲೇ ವಾಪಸು ಬರಬೇಕು. ಅರ್ಥ್ ಹಾಕದಿದ್ದರೆ ಕಿಡಿಯೇ ಬರುವುದಿಲ್ಲ.

ನಾನು ಸೇರಿದ ಮೊದಲ ದಿನ ಉಸ್ತಾದರು ಕಪ್ಪು ಗಾಜು ಮುಖಕ್ಕೆ ಹಿಡಿದು, ಟ್ರಾಲಿಯ ಕೆಳಗಿನಿಂದ ಕೂಗಿದರು.

"ಅರ್ಥ್ ಆಯ್ತೇನೋ?"

ನಮ್ಮ ಕಡೆ ಮಾತಿನಲ್ಲಿ ತಿಳೀತೇನು ಅನ್ನುತ್ತಾರೆ. 'ಅರ್ಥವಾಯಿತೇ' ಅನ್ನುವುದು ಶಾಲೆಯ ಮಾಸ್ತರರು ಮಾತ್ರ. ಉಸ್ತಾದರು ಪುಸ್ತಕದ ಭಾಷೆಯಲ್ಲಿ ಮರ್ಯಾದೆಯಿಂದ ಕೇಳುತ್ತಿದ್ದಾರೆಂದು ನನಗೆ ಖುಷಿಯಾಯಿತು.

"ಆಯ್ತು ಉಸ್ತಾದ್!"

ಅವರು ರಾಡು ತಾಗಿಸಿದರು, ಕಿಡಿ ಬರಲಿಲ್ಲ. ಮತ್ತೆ ಕೂಗಿದರು, ನಾನು ಮತ್ತೆ ಆಯ್ತು ಅಂದೆ. ಕೊನೆಗೆ ಟ್ರಾಲಿಯ ಕೆಳಗಿನಿಂದ ತೆವಳಿಕೊಂಡು ಹೊರಗೆ ಬಂದು ನೋಡಿದರೆ ಚಿಮುಟ ನನ್ನ ಕಾಲಬುಡದಲ್ಲಿ ಬಿದ್ದಿತ್ತು.

"ಏನ್ ಅರ್ಥ ಆಯ್ತೋ ನಿನಗ?"

"ನೀವು ಹೇಳಿದ್ದೆಲ್ಲಾ ಅರ್ಥ ಆಯ್ತು ಉಸ್ತಾದ್."

"ನಾ ಇನ್ನಾ ಏನೂ ಹೇಳೇ ಇಲ್ಲಲ್ಲೋ!"

ಆ ದಿನದಿಂದ ರಾಡು ಹಿಡಿದಾಗಲೆಲ್ಲ ಒಬ್ಬನೇ ಇದ್ದರೂ 'ಅರ್ಥ್ ಆಯ್ತೇನು' ಎಂದು ಗಟ್ಟಿಯಾಗಿ ಕೇಳಿಕೊಳ್ಳುವ ಅಭ್ಯಾಸ ನನಗೆ ಅಂಟಿತು. ನನ್ನ ಹೆಂಡತಿ ಹಸೀನಾ ಮೊದಮೊದಲು ಗಾಬರಿಯಾಗುತ್ತಿದ್ದಳು. ಆಮೇಲೆ ತಾನೇ "ಆಯ್ತ್ರಿ, ಆಯ್ತು" ಎಂದು ಒಳಗಿನಿಂದ ಉತ್ತರ ಕೊಡತೊಡಗಿದಳು.

ಉಸ್ತಾದರ ಕಾಲದಲ್ಲಿ ಅರ್ಥನ್ನು ಎಲ್ಲಿ ಬೇಕಾದರೂ ಹಾಕಬಹುದಿತ್ತು. ಲಾರಿಯ ಮುಂದಿನ ಬಂಪರಿಗೆ ಚಿಮುಟ ಕಚ್ಚಿಸಿ ಹಿಂದಿನ ಬಾಗಿಲಿಗೆ ವೆಲ್ಡಿಂಗ್ ಮಾಡುತ್ತಿದ್ದೆವು. ಕರೆಂಟು ಇಡೀ ಲಾರಿಯನ್ನು ಸುತ್ತಿ ಬಂದರೂ ದಾರಿಯಲ್ಲಿ ಸುಡುವಂಥದ್ದು ಏನೂ ಇರಲಿಲ್ಲ, ಡ್ರೈವರನ ಬೀಡಿ ಬಿಟ್ಟರೆ. ಆಮೇಲೆ ಕಂಪ್ಯೂಟರ್ ಇರುವ ಕಾರುಗಳು ಬಂದವು. ಇಂಜಿನ್ನಿಗೊಂದು ಡಬ್ಬಿ, ಬ್ರೇಕಿಗೊಂದು, ಅಪಘಾತವಾದರೆ ಉಬ್ಬಿ ಬರುವ ಏರ್‌ಬ್ಯಾಗಿಗೆ ಇನ್ನೊಂದು. ಎಲ್ಲದರ ನಡುವೆ ಕೂದಲಿನಷ್ಟು ಸಣ್ಣ ವೈರುಗಳು. ವಾಪಸು ಬರುವ ಕರೆಂಟು ಆ ಸಣ್ಣ ವೈರಿನ ದಾರಿ ಹಿಡಿದರೆ ಡಬ್ಬಿಯ ಕಥೆ ಮುಗಿಯಿತು.

ಇದನ್ನು ನಮ್ಮ ಕಡೆಯವರು ಒಪ್ಪಿಕೊಳ್ಳಲು ಬಹಳ ದಿನ ಹಿಡಿಯಿತು. ಚಿತ್ತಾಪುರದಲ್ಲಿ ನನ್ನ ಪರಿಚಯದ ಒಬ್ಬ ವೆಲ್ಡರ್ ಇದ್ದ. ಅವನು ಒಬ್ಬ ಶಾಲಾ ಮಾಸ್ತರರ ಕಾರಿನ ಸೈಲೆನ್ಸರಿಗೆ ಬ್ಯಾಟರಿ ಬಿಚ್ಚದೆ, ಅರ್ಥನ್ನು ಮುಂದಿನ ಮೂಲೆಗೆ ಕಚ್ಚಿಸಿ, ಹಿಂದಿನ ಮೂಲೆಗೆ ವೆಲ್ಡಿಂಗ್ ಮಾಡಿದ. ಸೈಲೆನ್ಸರ್ ಚೆನ್ನಾಗಿಯೇ ಕೂತಿತು. ಆದರೆ ಆ ದಿನದಿಂದ ಮಾಸ್ತರರು ಎಡಗಡೆಯ ಇಂಡಿಕೇಟರ್ ಹಾಕಿದರೆ ವೈಪರ್ ಓಡುತ್ತಿತ್ತು, ಬ್ರೇಕು ಒತ್ತಿದರೆ ಬಾಗಿಲುಗಳು ಲಾಕ್ ಆಗುತ್ತಿದ್ದವು. ಯಾರದೋ ದೃಷ್ಟಿ ತಾಗಿದೆ ಎಂದು ಮಾಸ್ತರರು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಅದಕ್ಕೂ ಬಗ್ಗದಿದ್ದಾಗ ಹೊಂದಿಕೊಂಡರು. ಮಳೆ ಬಂದರೆ ಊರಿಡೀ ಎಡಕ್ಕೆ ತಿರುಗುವ ದೀಪ ಹಾಕಿಕೊಂಡು ನೆಟ್ಟಗೆ ಹೋಗುತ್ತಿದ್ದರು. ಹಿಂದೆ ಬರುವವರು ಅವರನ್ನು ಬೈಯುವುದನ್ನೂ ಬಿಟ್ಟು, "ಮಾಸ್ತರ್ ಮಳ್ಯಾಗ ಹೊಂಟಾರ" ಎಂದು ದಾರಿ ಬಿಡುತ್ತಿದ್ದರು.

ಅದನ್ನು ನೋಡಿದ ಮೇಲೆ ನಾನು ಕೆಲಸದ ರೀತಿ ಬದಲಿಸಿದೆ. ಕೀಲಿಯನ್ನು ಗಾಡಿಯಿಂದ ದೂರ ಇಡಬೇಕು. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು, ಆಮೇಲೆ ಪ್ಲಸ್. ಬಿಚ್ಚಿದ ತಕ್ಷಣ ರಾಡು ಹಿಡಿಯಬಾರದು. ಏರ್‌ಬ್ಯಾಗಿನ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಅದು ಇಳಿಯುವವರೆಗೆ ಕೂತು ಚಹಾ ಕುಡಿಯಬೇಕು. ಚಹಾ ಬಿಸಿಯಾಗಿರಬೇಕು, ಅಂದರೆ ಅವಸರ ಆಗುವುದಿಲ್ಲ. ಅರ್ಥನ್ನು ವೆಲ್ಡಿಂಗ್ ಮಾಡುವ ಜಾಗದ ಮಗ್ಗುಲಲ್ಲೇ, ಬಣ್ಣ ಕೆರೆದ ಬರಿಯ ಕಬ್ಬಿಣಕ್ಕೆ ಹಾಕಬೇಕು. ಡಬ್ಬಿಯ ಹತ್ತಿರವೇ ಕೆಲಸವಿದ್ದರೆ ಪ್ಲಗ್ಗು ಕಿತ್ತು ಡಬ್ಬಿಯನ್ನೇ ಹೊರಗೆ ತೆಗೆಯಬೇಕು. ಇಂಜಿನ್ನಿನ ಆ ಡಬ್ಬಿಗೆ ನಾವು ಇಟ್ಟ ಹೆಸರು ದಿಮಾಗು, ಅಂದರೆ ಮಿದುಳು.

ತೆಗೆದ ದಿಮಾಗನ್ನು ಸುತ್ತಿಡುವುದು ಯಾವುದರಲ್ಲಿ? ಅಂಗಡಿಯ ಅರಿವೆಗಳಲ್ಲೆಲ್ಲ ಎಣ್ಣೆ, ಕಬ್ಬಿಣದ ಪುಡಿ. ನೈಲಾನ್ ಬಟ್ಟೆ ಉಜ್ಜಿದರೆ ಅದರಲ್ಲೇ ಸಣ್ಣ ಕರೆಂಟು ಹುಟ್ಟುತ್ತದೆ. ಹಸೀನಾ ಮನೆಯಲ್ಲಿ ಕುಬಸ ಹೊಲಿಯುತ್ತಿದ್ದಳು. ಅವಳ ಹತ್ತಿರ ಹತ್ತಿಯ ರವಿಕೆ ಖಣಗಳು ಇರುತ್ತಿದ್ದವು, ಅಂಚು ಇರುವ, ಹೊಸ, ಶುದ್ಧ ಬಟ್ಟೆ. ಅಂದಿನಿಂದ ನನ್ನ ಅಂಗಡಿಯಲ್ಲಿ ಎಲ್ಲ ಗಾಡಿಗಳ ದಿಮಾಗೂ ಕುಬಸದ ಖಣದಲ್ಲಿ ಕೂರತೊಡಗಿತು. ಇದರಲ್ಲಿ ಏನು ತಪ್ಪಿದೆ ಹೇಳಿ? ನನಗೆ ಈಗಲೂ ಕಾಣುವುದಿಲ್ಲ.

ಆಡಕಿಯಲ್ಲಿ ಗುರುಲಿಂಗಪ್ಪ ಎಂಬ ತೊಗರಿ ವ್ಯಾಪಾರಿ ಇದ್ದಾರೆ. ನಾವು ಸಾವುಕಾರ್ರು ಅನ್ನುತ್ತೇವೆ. ಒಳ್ಳೆಯ ಮನುಷ್ಯ, ಆದರೆ ಕೈ ಬಹಳ ಬಿಗಿ. ಅವರು ಜೀವನದಲ್ಲಿ ಒಮ್ಮೆ ಮನಸ್ಸು ಗಟ್ಟಿ ಮಾಡಿ ಹೊಸ ಕಾರು ಕೊಂಡರು, ಮಗ ಸಿದ್ದಣ್ಣನ ಮದುವೆಗಾಗಿ. ಹೆಣ್ಣಿನ ಊರು ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಕಡೆ. ಮದುವೆಯ ಹಿಂದಿನ ದಿನ ಬೆಳಿಗ್ಗೆ ಆ ಕಾರನ್ನು ಟ್ರ್ಯಾಕ್ಟರಿನಿಂದ ಎಳೆಸಿಕೊಂಡು ನನ್ನ ಅಂಗಡಿಗೆ ಬಂದರು. ಮುಂಭಾಗ ಒಳಗೆ ಹೋಗಿತ್ತು. ಬ್ಯಾಟರಿ ಕೂರುವ ತಟ್ಟೆ ಹರಿದು, ಅದನ್ನು ಹಿಡಿದ ಪಟ್ಟಿ ಕಿತ್ತುಬಂದಿತ್ತು.

"ಯಾರು ಗುದ್ದಿದ್ರಿ ಸಾವುಕಾರ್ರ?"

"ಯಾರೂ ಗುದ್ದಿಲ್ಲ. ಅಂಗಳದಾಗ ಪರ್ಸಿ ಒಟ್ಟಿದ್ವಿ. ಕಲ್ಲೇ ಬಂದು ಗುದ್ಯಾದ."

ಹಿಂದೆ ನಿಂತಿದ್ದ ಸಿದ್ದಣ್ಣ ನೆಲ ನೋಡುತ್ತಿದ್ದ. ನನಗೆ ವಿಷಯ ತಿಳಿಯಿತು. ಸಾವುಕಾರರು ನನ್ನ ಕಿವಿಯ ಹತ್ತಿರ ಬಂದರು.

"ಪಾಶಾ, ಹುಡುಗ ಗಾಡಿ ಹೊಡಿಯೋದ್ರಾಗ ಹುಲಿ ಅಂತ ಬೀಗರಿಗೆ ಹೇಳೀನಿ. ಹೆಣ್ಣಿನ ಅಪ್ಪ ಜೀಪ್ ಓಡಸೋ ಮನಷಾ, ಅವನ ಮುಂದ ಹೇಳೀನಿ. ಈ ಮಾತು ಹೊರಗ ಹೋಗಬಾರ್ದು. ಕಂಪನಿಯವ್ರು ವಾರ ಬೇಕಂತಾರ. ನಾಳಿ ಮಧ್ಯಾಹ್ನ ಮದುವಿ ಅಕ್ಕಿಕಾಳು ಬೀಳಬೇಕು."

"ಮಾಡಿ ಕೊಡ್ತೀನ್ರಿ. ಆದ್ರ ದಿಮಾಗ ತೆಗೀಬೇಕಾಗ್ತದ."

"ಯಾರದು?"

"ಗಾಡೀದ್ರಿ."

ಬ್ಯಾಟರಿ ತಟ್ಟೆಯ ಪಕ್ಕದಲ್ಲೇ ದಿಮಾಗಿನ ಡಬ್ಬಿ ಇತ್ತು, ತೆಗೆಯದೆ ಕೆಲಸವಾಗುವಂತಿರಲಿಲ್ಲ. ತೆಗೆದು, ಹಸಿರು ಖಣದಲ್ಲಿ ಸುತ್ತಿ, ಗಂಟು ಹಾಕಿ ಮೇಜಿನ ಮೇಲಿಟ್ಟೆ. ಸಾವುಕಾರರು ಅದನ್ನೇ ನೋಡುತ್ತಾ ಕೂತರು. ನಾನು ರಾಡು ಹಚ್ಚಿದೆ, ಕಿಡಿ ಹಾರಿತು. ಅವರು ಗಂಟನ್ನು ಎತ್ತಿ ಎದೆಗೆ ಒತ್ತಿಕೊಂಡರು.

"ನಿನ್ನ ಅಂಗಡ್ಯಾಗ ಬೆಂಕಿ ಹಾರ್ತದ, ಹತ್ತು ಮಂದಿ ಬರ್ತಾರ. ದಿಮಾಗ ನಮ್ಮನ್ಯಾಗ ಇರ್ಲಿ. ಬಣ್ಣ ಆರೂದ್ರಾಗ ನಾಳಿ ನಸಿಕಿಲೆ ತರ್ತೀನಿ."

"ಭಾಳ ಹುಷಾರ್ರಿ. ನೀರು ತಾಗಬಾರ್ದು, ಕೆಳಗ ಬೀಳಬಾರ್ದು, ಮಂದಿ ಕೈ ಹಚ್ಚಬಾರ್ದು."

"ನಮ್ಮನ್ಯಾಗ ಅಂಥಾ ಜಾಗ ಒಂದೇ ಅದ," ಎಂದರು.

ಆ ಜಾಗ ದೇವರ ಜಗಲಿ. ಅಲ್ಲಿಗೆ ಒಯ್ದು ಇಟ್ಟರು. ಅದೇ ಜಗಲಿಯ ಮೇಲೆ ಮರುದಿನ ಮದುಮಗಳ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಉತ್ತತ್ತಿ, ಖಣ ಎಲ್ಲವನ್ನೂ ಹೆಂಗಸರು ಜೋಡಿಸಿದ್ದರು.

ಮರುದಿನ ಬೆಳಿಗ್ಗೆ ನಾನು ಬಣ್ಣ ಮುಟ್ಟಿ ನೋಡಿ, ಬ್ಯಾಟರಿ ಕೂರಿಸಿ, ಪ್ಲಗ್ಗುಗಳನ್ನು ಒರೆಸಿ ಕಾಯುತ್ತಿದ್ದೆ. ಸಾವುಕಾರರು ಸೂಟು ತೊಟ್ಟ ಸಿದ್ದಣ್ಣನನ್ನು ಕರೆದುಕೊಂಡು ಬಂದರು. ಸಾವುಕಾರರ ಕೈಯಲ್ಲಿ ಗಂಟು ಇರಲಿಲ್ಲ.

"ಪಾಶಾ, ದಿಮಾಗ ಇಲ್ಲ."

ಅವರ ಅಕ್ಕ ಕಾಶಮ್ಮ ನಸುಕಿನಲ್ಲೇ ಹೆಂಗಸರನ್ನೆಲ್ಲ ಟೆಂಪೋದಲ್ಲಿ ಹೇರಿಕೊಂಡು ಹೆಣ್ಣಿನ ಊರಿಗೆ ಹೋಗಿದ್ದಳು. ಹೋಗುವಾಗ ಜಗಲಿಯ ಮೇಲಿದ್ದದ್ದನ್ನೆಲ್ಲ ಬಾಚಿ ಬುಟ್ಟಿಗೆ ಹಾಕಿಕೊಂಡಿದ್ದಳು. ಫೋನು ಹಚ್ಚಿದರೆ ಆ ಕಾಡಿನಲ್ಲಿ ರೇಂಜು ಇಲ್ಲ.

"ಇನ್ನೊಂದು ದಿಮಾಗ ಹಾಕು!"

"ಬರಂಗಿಲ್ರಿ. ಬ್ಯಾರೆ ದಿಮಾಗ ಈ ಗಾಡಿ ಕೀಲಿ ಗುರ್ತ ಹಿಡ್ಯಂಗಿಲ್ಲ. ನೀವು ಬ್ಯಾರೆ ಗಾಡಿ ಮಾಡ್ಕೊಂಡು ಹೋಗ್ರಿ."

"ಹೊಸಾ ಗಾಡ್ಯಾಗ ಬರ್ತೀವಿ ಅಂತ ಊರಿಗೆಲ್ಲಾ ಹೇಳೀನಿ. ಗಾಡಿ ಎಲ್ಲದ ಅಂದ್ರ ಏನ್ ಹೇಳ್ಲಿ? ಹುಲಿ ಕಲ್ಲಿಗೆ ಗುದ್ದ್ಯಾನ ಅಂತ ಹೇಳ್ಲೇನು?" ಅವರು ನನ್ನ ರಟ್ಟೆ ಹಿಡಿದರು. "ನೋಡು ಪಾಶಾ, ಈ ಗಾಡಿ ಮದುವಿ ಮಾಂಡವಕ್ಕ ಮುಟ್ಟಬೇಕು, ಮುಟ್ಟಿ ವಾಪಸ್ ತನ್ನ ಕಾಲ ಮ್ಯಾಲ ಬರಬೇಕು. ಇಲ್ಲಂದ್ರ ಪಾಶಾ ವೆಲ್ಡಿಂಗ್ ಮಾಡಿ ಹೊಸಾ ಗಾಡಿ ಸುಟ್ಟಾನ ಅಂತ ನಾನೇ ಸೇಡಂ, ಚಿಂಚೋಳಿ ತಿರುಗಿ ಹೇಳ್ತೀನಿ."

ಹೊಸ ಗಾಡಿಯನ್ನು ನಂಬಿ ಬಿಡಬಹುದಾದ ಅಂಗಡಿ ಎಂಬ ಹೆಸರು ನನಗೆ ಬರಲು ಅರ್ಧ ಜೀವನ ಹಿಡಿದಿತ್ತು. ಸಾವುಕಾರರ ಬಾಯಿಂದ ಆ ಮಾತು ಹೊರಟರೆ ನಾನು ಮತ್ತೆ ಟ್ರಾಲಿಗೆ ತೇಪೆ ಹಾಕುತ್ತಾ ಕೂರಬೇಕಿತ್ತು.

ಆ ಹೊತ್ತಿಗೆ ಶಹಾಬಾದಿನಿಂದ ಪರ್ಸಿ ಹೇರಿಕೊಂಡು ಚಿಂಚೋಳಿ ಕಡೆ ಹೊರಟಿದ್ದ ಒಂದು ಲಾರಿ ಚಹಾಕ್ಕೆ ನಿಂತಿತ್ತು. ಡ್ರೈವರ್ ಮೌಲಾ ನನ್ನ ಹಳೆಯ ಗಿರಾಕಿ. ಮದುವೆಯ ಊಟ ಅಂದ ತಕ್ಷಣ ಒಪ್ಪಿದ. ಕಾರಿನ ಮುಂದಿನ ಕೊಕ್ಕೆಗೂ ಲಾರಿಯ ಹಿಂಬದಿಗೂ ನಡುವೆ ಒಂದು ಗಟ್ಟಿ ಕಬ್ಬಿಣದ ಪೈಪು ಕೂರಿಸಿದೆ. ದಿಮಾಗಿಲ್ಲದ ಕಾರಿನಲ್ಲಿ ಸ್ಟೇರಿಂಗ್ ಕಲ್ಲಿನಂತೆ ಬಿಗಿ, ಬ್ರೇಕು ಇನ್ನೂ ಬಿಗಿ. ಹಾಗಾಗಿ ನಾನೇ ಸ್ಟೇರಿಂಗ್ ಹಿಡಿದು ಕೂತೆ. ಪಕ್ಕದಲ್ಲಿ ಸಾವುಕಾರರು, ಹಿಂದೆ ಮದುಮಗ.

ಹೂವಿನ ಹಾರ ಹಾಕಿದ ಹೊಸ ಕಾರು ಪರ್ಸಿ ಲಾರಿಯ ಬಾಲ ಹಿಡಿದು ಹೊರಟಿತು. ಸಿದ್ದಣ್ಣನ ಕಣ್ಣೆದುರಿಗೆ ದಾರಿಯುದ್ದಕ್ಕೂ ಪರ್ಸಿ ಕಲ್ಲಿನದೇ ದರ್ಶನ. ಏಸಿ ಇಲ್ಲ, ಅವನ ಸೂಟಿನ ಕಾಲರು ಒದ್ದೆಯಾಗಿತ್ತು. ಇಂಜಿನ್ ಸತ್ತಿದ್ದರೂ ಬ್ಯಾಟರಿ ಇತ್ತು, ಆದ್ದರಿಂದ ಹಾರ್ನ್ ಕೂಗುತ್ತಿತ್ತು. ಇದು ಗೊತ್ತಾದ ಮೇಲೆ ಸಾವುಕಾರರು ನನ್ನ ಕೈ ಸರಿಸಿ ಹಾರ್ನ್ ಒತ್ತತೊಡಗಿದರು. ಊರು ಬಂದರೆ ಉದ್ದಕ್ಕೆ, ಊರು ಇಲ್ಲದಿದ್ದರೆ ತುಂಡುತುಂಡಾಗಿ. ಬೇಡ ಅಂದೆ. "ಗಾಡಿ ಜೀವಂತ ಅದ ಅಂತ ಮಂದಿಗೆ ತಿಳೀಬೇಕು," ಅಂದರು.

ಚಿಂಚೋಳಿಯ ಚಹಾದಂಗಡಿಯ ಮುಂದೆ ಪರಿಚಯದವನೊಬ್ಬ ಕೈ ಅಡ್ಡ ಹಾಕಿದ.

"ಏನಾಗ್ಯದ್ರಿ ಸಾವುಕಾರ್ರ ಹೊಸಾ ಗಾಡಿಗೆ?"

"ಏನಾಗ್ತದ? ಲಾರಿ ಹೆಂಗೂ ಈ ಕಡೆ ಹೊಂಟಿತ್ತು. ಸುಮ್ನ ಪೆಟ್ರೋಲ್ ಯಾಕ ಸುಡಬೇಕು?"

ಅವನು ತಲೆಯಾಡಿಸಿ ಒಪ್ಪಿಕೊಂಡ. ಗುರುಲಿಂಗಪ್ಪನವರನ್ನು ಬಲ್ಲ ಯಾರೂ ಆ ಮಾತನ್ನು ಅನುಮಾನಿಸುವಂತಿರಲಿಲ್ಲ.

ಮಾಂಡವದ ಮುಂದೆ ಇಳಿದಾಗ ವಾಲಗದವರು ಯಾರ ಮುಂದೆ ಊದಬೇಕೆಂದು ತಿಳಿಯದೆ ಮೊದಲು ಲಾರಿಯ ಮುಂದೆ ಊದಿದರು. ಸಾವುಕಾರರು ಅದನ್ನು ಗಮನಿಸಲಿಲ್ಲ. ನೇರ ಅಕ್ಕನ ಕಡೆ ಓಡಿದರು, ನಾನು ಅವರ ಹಿಂದೆ.

"ಅಕ್ಕಾ, ಜಗಲಿ ಮ್ಯಾಲ ಹಸರು ಖಣದ ಗಂಟು ಇತ್ತಲ್ಲ..."

ಕಾಶಮ್ಮನ ಕಣ್ಣು ತುಂಬಿ ಬಂತು. "ಬೆಳ್ಳಿ ಡಬ್ಬಿ ಅಲ್ಲೇನು ತಮ್ಮಾ? ಎಷ್ಟು ವಜ್ಜ ಅದ! ಜಲ್ಮದಾಗ ಒಂದ್ಸಲ ಕೈ ಬಿಚ್ಚಿದಿ, ಅದೂ ಯಾರಿಗೂ ಹೇಳದಂಗ. ಈಗಷ್ಟೇ ಸೊಸಿ ಉಡಿಗೆ ಹಾಕಿ ಬಂದೆ."

ಸಾವುಕಾರರು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದರು. ಉಡಿ ತುಂಬಿದ್ದನ್ನು ವಾಪಸು ಕೇಳುವುದೆಂದರೆ ಎಂಥ ಅಪಶಕುನವೆಂದು ನಮ್ಮ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನಗೂ ಗೊತ್ತು, ನಾನು ಆ ಊರುಗಳ ಮದುವೆಗಳಲ್ಲಿ ಉಂಡು ಬೆಳೆದವನು. ಆದರೂ ಕಾಶಮ್ಮನಿಗೆ ಮೆಲ್ಲಗೆ ವಿಷಯ ಹೇಳಿದೆವು. ಅವಳು ಒಳಗೆ ಹೋದಳು. ಒಳಗಿನಿಂದ ಹೆಣ್ಣಿನ ಅಜ್ಜಿಯ ದನಿ ಇಡೀ ಮಾಂಡವಕ್ಕೆ ಕೇಳಿಸಿತು. ಆ ಗಡಿಯ ಊರಲ್ಲಿ ಉಡಿಯ ಅಕ್ಕಿಗೆ ತೆಲುಗಿನಲ್ಲೇ ಹೆಸರು.

"ವಡಿಬಿಯ್ಯಂಗೆ ಕೈ ಹಾಕ್ತೀರಾ? ಆಡಕಿ ಕಡಿಗಿ ಹಿಂಗೂ ಪದ್ಧತಿ ಅದಾ? ಇನ್ನಾ ಅಕ್ಕಿಕಾಳು ಬಿದ್ದಿಲ್ಲ, ಆಗಲೇ ಕೊಟ್ಟದ್ದು ಕಸಗೊಳ್ಳಲಿಕ್ಕೆ ಬಂದ್ರಾ?"

ಮಂದಿ ಎದ್ದು ನಿಂತರು. ಹೆಣ್ಣಿನ ಕಡೆಯವರು ಯಾರೋ ಗಂಟನ್ನು ಹೊರಗೆ ತಂದು ಬಿಚ್ಚಿ ಎತ್ತಿ ಹಿಡಿದರು. ಚಪ್ಪಟೆ ಅಲ್ಯೂಮಿನಿಯಂ ಡಬ್ಬಿ, ಗಂಟಿನ ಸಂದಿಯಿಂದ ಇಳಿದು ಮೈಯೆಲ್ಲ ಕುಂಕುಮ. ಬೆಳ್ಳಿಯಲ್ಲ ಎಂದು ದೂರದಿಂದಲೂ ಕಾಣುತ್ತಿತ್ತು. ಹೆಣ್ಣಿನ ಕಡೆಯ ಒಬ್ಬ ಹಿರಿಯ ಮುಂದೆ ಬಂದು, "ಇದೇನ್ರಿ ಬೀಗರ?" ಎಂದು ಕೇಳಿದ.

ಸಾವುಕಾರರು ಎದ್ದು ನಿಂತರು. ಅವರು ಆ ಕ್ಷಣ ಏನು ಹೇಳುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

"ಇದು ನಮ್ಮ ಹೊಸಾ ಗಾಡಿ ದಿಮಾಗ. ಮಂದಿ ಬೆಳ್ಳಿ ಕೊಡ್ತಾರ, ಬಂಗಾರ ಕೊಡ್ತಾರ. ನಾವು ದಿಮಾಗ ಕೊಟ್ಟೀವಿ! ನಮ್ಮ ಮನ್ಯಾಗ ಸೊಸಿ ಕೈಯಾಗ ದಿಮಾಗ ಇರ್ತದ. ಆಕಿ ಉಡ್ಯಾಗ ಅದು ಇರೂತನಕ ನಮ್ಮ ಗಾಡಿ ಒಂದು ಹೆಜ್ಜಿ ಮುಂದಕ್ಕ ಹೋಗಂಗಿಲ್ಲ. ಅದಕ್ಕೇ ಎಳಕೊಂಡು ಬಂದೀವಿ, ನೋಡ್ರಿ ಬೇಕಾದ್ರ!"

ಎಲ್ಲರೂ ಲಾರಿಯ ಕಡೆ ನೋಡಿದರು. ಒಂದು ಮೂಲೆಯಿಂದ ಚಪ್ಪಾಳೆ ಶುರುವಾಯಿತು, ಆಮೇಲೆ ಎಲ್ಲ ಕಡೆಯಿಂದ. ಹೆಂಗಸರಂತೂ ಬಹಳ ಹೊತ್ತು ತಟ್ಟಿದರು. ಕಾಶಮ್ಮ ಮತ್ತೊಮ್ಮೆ ಕಣ್ಣೊರೆಸಿಕೊಂಡಳು. ಸಾವುಕಾರರು ತಮ್ಮ ಮಾತಿಗೆ ತಾವೇ ಮೆಚ್ಚಿ, ಮೀಸೆಯ ಮೇಲೆ ಕೈಯಾಡಿಸುತ್ತಿದ್ದರು. ಆಗ ಒಳಗಿನಿಂದ ಕರೆ ಬಂತು. ಮದುಮಗಳು ಮಾತಾಡಬೇಕಂತೆ, ಗಾಡಿ ಕೆಲಸದವರನ್ನೂ ಕರೆತರಬೇಕಂತೆ.

ಮದುಮಗಳ ಹೆಸರು ನಾಗವೇಣಿ. ಡಬ್ಬಿ ಆಕೆಯ ಮಡಿಲಿಗೆ ಮರಳಿತ್ತು. ಅಜ್ಜಿ ಪಕ್ಕದಲ್ಲಿ ಕಾವಲಿಗಿದ್ದಳು. ನಾವು ಮೂವರೂ, ಅಂದರೆ ಸಾವುಕಾರರು, ಸಿದ್ದಣ್ಣ ಮತ್ತು ನಾನು, ತಪ್ಪು ಮಾಡಿದ ಮಕ್ಕಳಂತೆ ಗೋಡೆಗೆ ಒರಗಿ ನಿಂತೆವು. ಆಕೆ ನನ್ನ ಕಡೆ ತಿರುಗಿದಳು.

"ಮಾಮಾ, ಗಾಡಿ ದಿಮಾಗ ಯಾವಾಗ ಬಿಚ್ತಾರ್ರಿ?"

ಕೆಲಸದ ಪ್ರಶ್ನೆ ಕೇಳಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಹತ್ರದಾಗ ವೆಲ್ಡಿಂಗ್ ಮಾಡೂಮುಂದವ್ವಾ," ಅಂದುಬಿಟ್ಟೆ.

"ಹೊಸಾ ಗಾಡಿಗೆ ವೆಲ್ಡಿಂಗ್ ಯಾಕ್ರಿ?"

ಸಾವುಕಾರರು ಕೆಮ್ಮಿದರು. ನಾನು ಚಾವಣಿ ನೋಡಿದೆ. ಹೊರಗೆ ಅಕ್ಕಿಕಾಳಿಗೆ ಹೊತ್ತಾಯಿತೆಂದು ಕೂಗುತ್ತಿದ್ದರು. ಈ ಮದುವೆ ಇಲ್ಲೇ ನಿಂತುಹೋದರೆ ಅದಕ್ಕೆ ನಾನೇ ಕಾರಣ ಎಂದುಕೊಂಡು ಬಾಗಿಲ ಕಡೆ ಒಂದು ಹೆಜ್ಜೆ ಸರಿದೆ. ಆಗ ಇಡೀ ಬೆಳಗು ಬಾಯಿ ಬಿಡದಿದ್ದ ಸಿದ್ದಣ್ಣ ಮಾತಾಡಿದ.

"ನಾನೇ ಪರ್ಸಿಗೆ ಗುದ್ದೀನಿ. ನನಗ ಗಾಡಿ ಹೊಡಿಲಿಕ್ಕ ಬರಂಗಿಲ್ಲ. ಅಪ್ಪ ಸುಳ್ಳು ಹೇಳ್ಯಾರ. ಗಾಡಿ ಅಂದ್ರ ನನಗ ಅಂಜಿಕಿ."

ಸಾವುಕಾರರು ಕಣ್ಣು ಮುಚ್ಚಿಕೊಂಡರು. ನಾಗವೇಣಿ ನಕ್ಕಳು, ಉಡಿಯ ಅಕ್ಕಿ ಅಲುಗುವಷ್ಟು ನಕ್ಕಳು.

"ಬರಂಗಿಲ್ಲಂದ್ರ ಬರಂಗಿಲ್ಲ ಅನ್ನೂದಪ್ಪ, ಅದಕ್ಕ ಲಾರಿಗೆ ಕಟ್ಗೊಂಡು ಬರೂದೇನು? ನನಗ ಬರ್ತದ. ಅಪ್ಪನ ಜೀಪ್ ಈ ಕಾಡಿನ ದಾರ್ಯಾಗ ನಾನೂ ಹೊಡೀತೀನಿ." ಮಾವನ ಕಡೆ ತಿರುಗಿದಳು. "ಮಾವಾರ, ಉಡಿ ಒಳಗಿಂದು ವಾಪಸ್ ಬರಂಗಿಲ್ಲ, ಖರೆ ಅಲ್ರಿ? ಮಂದಿ ಮುಂದ ನೀವೇ ಹೇಳೀರಿ. ದಿಮಾಗ ನಂದು. ಮಾಮಾರ ಕೈಲೆ ನಾನೇ ಹಾಕಸ್ತೀನಿ. ಆದ್ರ ಗಾಡಿ ನಾ ಹೊಡೀತೀನಿ."

ಅಜ್ಜಿ ತಲೆಯಾಡಿಸಿದಳು. ಆಕೆಯೇ ಕೊಟ್ಟರೆ ಪದ್ಧತಿಗೆ ಭಂಗವಿಲ್ಲವಂತೆ. ಸಾವುಕಾರರು ಹೂಂ ಅಂದರು, ಬೇರೆ ಏನೂ ಅನ್ನುವಂತಿರಲಿಲ್ಲ. ಅಕ್ಕಿಕಾಳು ಬಿತ್ತು. ನಾನೂ ಒಂದು ಹಿಡಿ ಹಾಕಿದೆ. ಆ ಹುಡುಗನ ಮೇಲೆ ನನಗೆ ತುಂಬಾ ಪ್ರೀತಿ ಬಂದಿತ್ತು.

ಊಟ ಮುಗಿದ ಮೇಲೆ ನಾಗವೇಣಿ ದಿಮಾಗನ್ನು ನನ್ನ ಕೈಗಿಟ್ಟಳು. ಪ್ಲಗ್ಗಿನ ತೂತುಗಳಲ್ಲಿ ಕುಂಕುಮ, ಒಂದರಲ್ಲಿ ಅಕ್ಕಿಕಾಳು. ದಬ್ಬಳದಿಂದ ಕೆದಕಿದರೆ ಒಳಗಿನ ಮುಳ್ಳು ಬಗ್ಗುತ್ತದೆ. ಬಣ್ಣದ ಹೊಸ ಕುಂಚ ತರಿಸಿ, ತಲೆಕೆಳಗು ಹಿಡಿದು, ಒಂದೊಂದೇ ಕಣವನ್ನು ಉದುರಿಸಿದೆ. ಬ್ಯಾಟರಿಯ ವೈರು ಬಿಚ್ಚಿ, ದಿಮಾಗು ಕೂರಿಸಿ, ಮತ್ತೆ ವೈರು ಹಚ್ಚಿದೆ. ಎರಡೂ ಕಡೆಯ ಬೀಗರು ಸುತ್ತ ನಿಂತಿದ್ದರು. ನಾಗವೇಣಿ ಬಾಸಿಂಗದ ಸಮೇತ ಸ್ಟೇರಿಂಗ್ ಮುಂದೆ ಕೂತು ಕೀಲಿ ತಿರುಗಿಸಿದಳು.

ಕಟ್ ಕಟ್ ಎಂದಿತು, ಅಷ್ಟೇ.

"ಸುಟ್ಟಾನ," ಎಂದು ಯಾರೋ ಹಿಂದೆ ಪಿಸುಗುಟ್ಟಿದರು. ಸಾವುಕಾರರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆದರೆ ನನ್ನ ಕಿವಿ ಆ ಸದ್ದನ್ನು ಗುರುತಿಸಿತು.

"ಇನ್ನೊಮ್ಮಿ ತಿರುವವ್ವಾ."

ಮತ್ತೆ ಕಟ್ ಕಟ್. ಅದು ದಿಮಾಗು ಸತ್ತ ಸದ್ದಲ್ಲ, ಬ್ಯಾಟರಿ ಖಾಲಿಯಾದ ಸದ್ದು. ಸೇಡಂನಿಂದ ಇಲ್ಲಿಯವರೆಗೆ ಹಾರ್ನ್ ಒತ್ತಿದವರು ಯಾರು?

"ಸಾವುಕಾರ್ರ, ಗಾಡಿ ಜೀವಂತ ಅದ ಅಂತ ಮಂದಿಗೆ ತಿಳಸ್ಲಿಕ್ಕ ಹೋಗಿ ಅದರ ಜೀವಾನೇ ತೆಗದೀರಿ," ಅಂದೆ. ನಗೆ ಎದ್ದಿತು. ಹೆಣ್ಣಿನ ಅಪ್ಪ ತನ್ನ ಜೀಪನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಅದರ ಬ್ಯಾಟರಿಯಿಂದ ವೈರು ಎಳೆದು ಜೋಡಿಸಿ ಸ್ವಲ್ಪ ಹೊತ್ತು ಬಿಟ್ಟೆವು. ನಾಗವೇಣಿ ಕೀಲಿ ತಿರುಗಿಸಿದಳು. ಒಂದೇ ಏಟಿಗೆ ಇಂಜಿನ್ ಚಾಲೂ ಆಯಿತು. ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು, ಯಾರಿಗೂ ಕಾಣದಂತೆ ರುಮಾಲಿನಿಂದ ಮುಖ ಒರೆಸಿಕೊಂಡೆ. ಮದುಮಗಳು ಗಾಡಿ ಓಡಿಸುತ್ತಾ, 'ಹುಲಿ' ಪಕ್ಕದಲ್ಲಿ, ಮಾವ ಹಿಂದಿನ ಸೀಟಿನಲ್ಲಿ, ಆಡಕಿಗೆ ಹೊರಟರು. ಮೌಲಾ ಖಾಲಿ ಮಾಡದ ಪರ್ಸಿ ಲಾರಿಯಲ್ಲಿ ಅವರ ಹಿಂದೆ ಸ್ವಲ್ಪ ದೂರ ಹಾರ್ನ್ ಹೊಡೆಯುತ್ತಾ ಹೋದ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಅಂಗಡಿಯ ಕೊನೆಯ ವರ್ಷಗಳು ನೆಮ್ಮದಿಯಿಂದ ಕಳೆಯುತ್ತಿದ್ದವು. ಸಾವುಕಾರರ ಭಾಷಣ ಸುತ್ತ ಹರಡಿತು. ಮುಂದಿನ ಲಗ್ನದ ದಿನಗಳಲ್ಲಿ ಒಬ್ಬ ನನ್ನ ಅಂಗಡಿಗೆ ಬಂದು, "ಪಾಶಾ ಮಾಮಾ, ಉಡಿಗೆ ಹಾಕಲಿಕ್ಕ ಗಾಡಿ ದಿಮಾಗ ಬಿಚ್ಚಿ ಕೊಡ್ರಿ, ಹೆಣ್ಣಿನವ್ರು ಕೇಳ್ಲಿಕತ್ತಾರ," ಅಂದ. ಗಾಡಿಗೆ ಏನೂ ಆಗಿಲ್ಲ ಮಾರಾಯ ಅಂದರೆ ಕೇಳಲಿಲ್ಲ. ಆಮೇಲೆ ಇನ್ನೊಬ್ಬ ಬಂದ. ಒಬ್ಬ ಟ್ರ್ಯಾಕ್ಟರಿನ ದಿಮಾಗು ಕೇಳಿದ. ಹಳೆಯ ಟ್ರ್ಯಾಕ್ಟರಿಗೆ ದಿಮಾಗೇ ಇಲ್ಲವೆಂದಾಗ ಹೆಣ್ಣಿನವರು ಒಪ್ಪುವುದಿಲ್ಲವೆಂದು ಗೋಗರೆದ. ಕೊನೆಗೆ ಹಾಳಾದ ಒಂದು ಹಾರ್ನನ್ನು ಖಣದಲ್ಲಿ ಸುತ್ತಿ ಕೊಟ್ಟೆ. ಹಸೀನಾ ಮಾತ್ರ ಸಂತೋಷವಾಗಿದ್ದಳು, ಖಣದ ವ್ಯಾಪಾರ ಚೆನ್ನಾಗಿ ನಡೆಯುತ್ತಿತ್ತು.

ಅಂಗಡಿ ಮುಚ್ಚುವ ವಾರ ಕೊನೆಯ ಕೆಲಸವಾಗಿ ಬಂದದ್ದು ಅದೇ ಕಾರು. ಸೈಲೆನ್ಸರಿನ ಹಿಡಿಕೆ ಸಡಿಲವಾಗಿತ್ತು. ಓಡಿಸಿಕೊಂಡು ಬಂದವಳು ನಾಗವೇಣಿ, ಪಕ್ಕದಲ್ಲಿ ಗುರುಲಿಂಗಪ್ಪ ಸಾವುಕಾರರು. ನಾನು ಮೇಲೇಳುವಷ್ಟರಲ್ಲಿ ಆಕೆಯೇ ಬ್ಯಾಟರಿ ಬಿಚ್ಚಿ, ದಿಮಾಗನ್ನೂ ಹೊರಗೆ ತೆಗೆದಿದ್ದಳು.

"ಇದಕ್ಕ ದಿಮಾಗ ಬಿಚ್ಚೋದು ಬ್ಯಾಡಾಗಿತ್ತವ್ವಾ. ಸೈಲೆನ್ಸರ್ ಭಾಳ ದೂರ ಅದ, ಬ್ಯಾಟರಿ ತೆಗದ್ರ ಸಾಕು."

"ಗೊತ್ತದ ಮಾಮಾ. ನಂದು ನನ್ನ ಹತ್ರ ಇರ್ಲಿ."

ಅದೇ ಹಸಿರು ಖಣ, ಸ್ವಲ್ಪ ಮಾಸಿತ್ತು. ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಸಾವುಕಾರರು ಆಕೆಯ ಪಕ್ಕದಲ್ಲಿ ಕೈಕಟ್ಟಿ ಕೂತರು. ನಾನು ಚಹಾ ಮುಗಿಸಿ, ಬಣ್ಣ ಕೆರೆದು, ಗಾಡಿಯ ಕೆಳಗೆ ತೆವಳಿದೆ. ಕಪ್ಪು ಗಾಜು ಹಿಡಿದು, ಅಭ್ಯಾಸದಂತೆ ಗಟ್ಟಿಯಾಗಿ ಕೇಳಿಕೊಂಡೆ.

"ಅರ್ಥ್ ಆಯ್ತೇನು?"

ಬೆಂಚಿನ ಕಡೆಯಿಂದ ಸಾವುಕಾರರ ದನಿ ಬಂತು.

"ಆಯ್ತಪ್ಪಾ ಪಾಶಾ. ಮಾಂಡವದಾಗೇ ಆಯ್ತು."